ಅನ್ನದೊಡನೆ ಅಕ್ಷರವನ್ನೂ ನೀಡಿದ ಪಂಡಿತಾ ರಮಾಬಾಯಿ

ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಕುರಿತು ಬರೆಯಬೇಕೆಂದು ಸಮಿತಿಯವರು ಕೇಳಿದಾಗ, ನನಗೆ ಮೊದಲು ನೆನಪಾದವರು ಪಂಡಿತಾ ರಮಾಬಾಯಿಯವರು. ಅದರ ಕಾರಣವನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ರಮಾಬಾಯಿಯವರು 1858ರ ಏಪ್ರಿಲ್ 23ರಂದು ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರದು ಕಾರ್ಕಳ ಸೀಮೆಯ ಮಾಳ ಗ್ರಾಮ. ಸ್ತ್ರೀಯರಿಗೆ ಸಂಸ್ಕೃತ ನಿಷಿದ್ಧವೆಂದು ಭಾವಿಸಿದ್ದ ಕಾಲದಲ್ಲಿ ಅವರು ಪತ್ನಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ಆ ತಾಯಿ ಮಗಳಿಗೆ ಕಲಿಸಿದಳು. 1870ರ ದಶಕದ ಕ್ಷಾಮದಲ್ಲಿ ತಂದೆತಾಯಿ ಇಬ್ಬರೂ ತೀರಿಕೊಂಡರು. ಅದೇ ದಶಕದ ಧಾತು ಸಂವತ್ಸರದ ಬರವು ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ನಮ್ಮ ರಾಯದುರ್ಗ ಸೀಮೆಯನ್ನೂ ಬರಿದು ಮಾಡಿತ್ತು. ಹಸಿವಿನ ಅನುಭವವೇ ರಮಾಬಾಯಿಯವರ ಮೊದಲ ಗುರುವಾಯಿತು.

ಅಣ್ಣನೊಡನೆ ಬಹುದೂರ ಕಾಲ್ನಡೆಯಲ್ಲಿ ಸಂಚರಿಸಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದಾಗ, ಅಲ್ಲಿನ ವಿದ್ವಾಂಸರು ಆಕೆಗೆ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರನ್ನು ವರಿಸಿದರು. 1882ರಲ್ಲಿ ಪತಿಯೂ ಕಾಲರಾಕ್ಕೆ ಬಲಿಯಾದರು. ಇಪ್ಪತ್ತಮೂರರ ಹರೆಯದ ವಿಧವೆಯ ಮಡಿಲಲ್ಲಿ ಮನೋರಮಾ ಎಂಬ ಹಸುಗೂಸು.

ಆದರೆ ಆಕೆ ಮೂಲೆ ಹಿಡಿದು ಕೂಡಲಿಲ್ಲ. ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಇಂಗ್ಲೆಂಡ್, ಅಮೆರಿಕಗಳಿಗೆ ಹೋಗಿ ನೆರವು ಸಂಗ್ರಹಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅಲ್ಲಿ ಕಲಿತ ಬಾಲವಿಧವೆ ಗೋದೂಬಾಯಿಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ಆ ಕರ್ವೆಯವರೇ 1896ರಲ್ಲಿ ವಿಧವೆಯರ ಆಶ್ರಮವನ್ನು ಸ್ಥಾಪಿಸಿದರು. ಒಂದು ದೀಪದಿಂದ ಮತ್ತೊಂದು ದೀಪ ಹೊತ್ತಿಕೊಂಡಿತು.

ರಮಾಬಾಯಿಯವರು 1883ರಲ್ಲಿ ಕ್ರೈಸ್ತ ಮತವನ್ನು ಸ್ವೀಕರಿಸಿದ್ದರಿಂದ ಬಹುಜನರ ವಿರೋಧಕ್ಕೆ ಪಾತ್ರರಾದರು. 1893ರಲ್ಲಿ ಅನೇಕ ಪೋಷಕರು ಸದನದಿಂದ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ವಿವಾದದ ತೀರ್ಪು ನನ್ನ ಕೆಲಸವಲ್ಲ. 1896-97ರ ಕ್ಷಾಮದಲ್ಲಿ ಅವರು ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಅನಾಥ ಸ್ತ್ರೀಯರನ್ನು ಪುಣೆಯ ಬಳಿಯ ಕೇಡಗಾಂವಿಗೆ ಕರೆತಂದರು. ಅಲ್ಲಿನ ಮುಕ್ತಿ ಸದನದಲ್ಲಿ ಅನ್ನದೊಡನೆ ಓದು, ನೇಯ್ಗೆ, ಹೊಲಿಗೆ, ಬೇಸಾಯ, ಮುದ್ರಣಗಳನ್ನೂ ಕಲಿಸಿದರು. ಮಗಳು ಮನೋರಮಾ ಗುಲ್ಬರ್ಗಾದಲ್ಲಿ ಶಾಲೆಯನ್ನು ತೆರೆಯಲು ನೆರವಾದರು. 1921ರಲ್ಲಿ ತಾಯಿಗಿಂತ ಮೊದಲೇ ಅಗಲಿದರು. ರಮಾಬಾಯಿಯವರು 1922ರ ಏಪ್ರಿಲ್ 5ರಂದು ನಿಧನರಾದರು.

ಇನ್ನು ನನ್ನ ಕಾರಣ. ಬೇರೊಂದು ಊರಿನಲ್ಲಿ ನಾನು ಸೇವೆಯಲ್ಲಿದ್ದಾಗ, ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ಏಳನೆಯ ತರಗತಿಯ ಮಗಳ ಹೆಸರನ್ನು ತೆಗೆಯಿರೆಂದು ಬೇಡಿದಳು. ಊರವರು ಆಕೆಗೆ ಜೋಳ ಕೂಡಿಸಿಕೊಟ್ಟರು. ನಾನೂ ಐವತ್ತು ರೂಪಾಯಿ ಕೊಟ್ಟು, ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಗೆರೆ ಎಳೆದೆ. ಧರ್ಮ ಮಾಡಿದೆನೆಂದೇ ತಿಳಿದಿದ್ದೆ. ಕೆಲವು ವರ್ಷಗಳ ನಂತರ ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಿದ್ದ ಆ ಹುಡುಗಿ ನನ್ನನ್ನು ಕಂಡು ಎದ್ದು ನಿಂತು ಕೈಮುಗಿದಳು. ಆ ನಮಸ್ಕಾರಕ್ಕೆ ನಾನು ಅರ್ಹನಾಗಿರಲಿಲ್ಲ. ಕೊಟ್ಟ ಜೋಳ ತಿಂಗಳೊಳಗೆ ಮುಗಿದಿತ್ತು. ಎಳೆದ ಗೆರೆ ಮಾತ್ರ ಅಳಿಯಲಿಲ್ಲ.

ಇಂದು ಸರ್ಕಾರವು ವಿಧವೆಯರಿಗೆ ಪಿಂಚಣಿ ಕೊಡುತ್ತಿದೆ, ಸಂತೋಷ. ಅದು ಒಲೆ ಹೊತ್ತಿಸೀತು. ಆದರೆ ಮಗಳ ಓದನ್ನು ಕಾಯುವವರು ಊರಿನವರೇ ಆಗಬೇಕು. ಮಹೋತ್ಸವದ ಖರ್ಚು ಕಳೆದು ಉಳಿದ ಹಣವನ್ನು ತಂದೆಯಿಲ್ಲದ ಹೆಣ್ಣುಮಕ್ಕಳು ಹತ್ತನೆಯ ತರಗತಿಯನ್ನು ಮುಗಿಸುವವರೆಗಿನ ಪುಸ್ತಕ, ಬಟ್ಟೆಗಳಿಗೂ, ಅವರ ತಾಯಂದಿರಿಗೆ ಹೊಲಿಗೆ ಕಲಿಸುವುದಕ್ಕೂ ಮೀಸಲಿಡಬೇಕೆಂದು ನೇಮಕಲ್ಲಿನ ಹಿರಿಯರಲ್ಲಿ ವಿನಂತಿಸುತ್ತೇನೆ. ಮೊದಲ ಕಾಣಿಕೆಯಾಗಿ ನನ್ನ ಒಂದು ತಿಂಗಳ ನಿವೃತ್ತಿ ವೇತನವನ್ನು ಸಮಿತಿಗೆ ಒಪ್ಪಿಸಿದ್ದೇನೆ.