ತನ್ನ ದನಿಯನ್ನೇ ಮೆಚ್ಚದ ಗಾಯಕ: ಜಾನ್ ಲೆನನ್ ಮತ್ತು 'ರಿವಾಲ್ವರ್' ಕಥೆ

ಜಗತ್ತೇ ಮೆಚ್ಚಿದ ದನಿ ಅದು. ಆದರೆ ದನಿಯ ಒಡೆಯನಿಗೇ ಅದು ಹಿಡಿಸುತ್ತಿರಲಿಲ್ಲ! ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಸ್ಟುಡಿಯೋದ ತಂತ್ರಜ್ಞರಿಗೆ ಮತ್ತೆ ಮತ್ತೆ ಹೇಳುತ್ತಿದ್ದುದು ಒಂದೇ ಮಾತು: ನನ್ನ ದನಿ ನನ್ನದರಂತೆ ಕೇಳಿಸಬಾರದು. 1966ರ 'ರಿವಾಲ್ವರ್' ಆಲ್ಬಂ ಇವತ್ತಿಗೂ ಹಳತೆನಿಸದೇ ಇರುವುದಕ್ಕೆ ಈ ಹಟವೂ ಒಂದು ಕಾರಣ.

ಲೆನನ್ ಹುಟ್ಟಿದ್ದು 1940ರ ಅಕ್ಟೋಬರ್ 9ರಂದು, ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್‌ನಲ್ಲಿ. ಬೆಳೆದದ್ದು ದೊಡ್ಡಮ್ಮ ಮಿಮಿ ಮನೆಯಲ್ಲಿ. ಬ್ಯಾಂಜೊ ಕಲಿಸಿದ್ದ ತಾಯಿ ಜೂಲಿಯಾ 1958ರಲ್ಲಿ ಕಾರು ಡಿಕ್ಕಿಯಾಗಿ ತೀರಿಕೊಂಡಾಗ ಮಗನಿಗೆ 17 ವರ್ಷ. ಪಾಲ್ ಮೆಕಾರ್ಟ್ನಿಯ ಪರಿಚಯವಾಗಿದ್ದು ಅದರ ಹಿಂದಿನ ವರ್ಷವಷ್ಟೇ.

1963ರ ಫೆಬ್ರವರಿ 11. ಬೀಟಲ್ಸ್ ತಮ್ಮ ಮೊದಲ ಆಲ್ಬಂನ ಹೆಚ್ಚಿನ ಹಾಡುಗಳನ್ನು ಒಂದೇ ದಿನದಲ್ಲಿ ಮುಗಿಸಿದರು. ನೆಗಡಿಯಿಂದ ಗಂಟಲು ಕಟ್ಟಿದ್ದ ಲೆನನ್ ಕೊನೆಯಲ್ಲಿ 'ಟ್ವಿಸ್ಟ್ ಆ್ಯಂಡ್ ಶೌಟ್' ಹಾಡಬೇಕಿತ್ತು. ಮೊದಲ ಟೇಕೇ ಓಕೆ ಆಯಿತು. ಆಗ ಸ್ಟುಡಿಯೋದಲ್ಲಿ ಬಳಸಿದ್ದು ಎರಡು ಟ್ರ್ಯಾಕಿನ ಯಂತ್ರ. ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ದನಿ. ತಿದ್ದಿ ತೀಡಲು ಹೆಚ್ಚು ಅವಕಾಶವೇ ಇಲ್ಲ. ಹರಿದುಹೋದಂತಿದ್ದ ಆ ಗಂಟಲು ಹಾಗೇ ಉಳಿಯಿತು. ಕೇಳುಗರಿಗೆ ಇಷ್ಟವಾಗಿದ್ದೂ ಅದೇ.

ಲೆನನ್‌ಗೆ ಮಾತ್ರ ಡಬಲ್ ಟ್ರ್ಯಾಕಿಂಗ್ ಮೇಲೆ ಮೋಹ. ಒಂದೇ ಸಾಲನ್ನು ಎರಡು ಸಲ ಹಾಡಿ, ಒಂದರ ಮೇಲೊಂದು ಕೂರಿಸಿದರೆ ದನಿ ದಪ್ಪಗಾಗುತ್ತದೆ, ಹಾಡುವವನ ಕುಂದು ಮರೆಯಾಗುತ್ತದೆ. ಆದರೆ ಎರಡನೇ ಸಲ ಮೊದಲಿನಂತೆಯೇ ಹಾಡುವುದೆಂದರೆ ಆತನಿಗೆ ಬೇಸರ. ಈ ಬೇಸರಕ್ಕೆ 1966ರಲ್ಲಿ ಮದ್ದು ಹುಡುಕಿದ್ದು ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್‌ಸೆಂಡ್. ಟೇಪಿನಲ್ಲಿರುವ ದನಿಯನ್ನು ಇನ್ನೊಂದು ಯಂತ್ರಕ್ಕೆ ಕಳಿಸಿ, ಅದರ ವೇಗವನ್ನು ತುಸು ಏರಿಳಿಸಿ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಅಂತರದಲ್ಲಿ ಮೂಲ ದನಿಗೆ ಸೇರಿಸುವುದು. ಹಾಡಿದ್ದು ಒಮ್ಮೆ, ಕೇಳಿಸುವುದು ಇಬ್ಬರು. ಇಂದಿನ ಸಾಫ್ಟ್‌ವೇರ್‌ಗಳಲ್ಲಿ ಇದು ಒಂದು ಕ್ಲಿಕ್ಕಿನ ಕೆಲಸ.

'ರಿವಾಲ್ವರ್' ರೆಕಾರ್ಡಿಂಗ್ ಶುರುವಾಗಿದ್ದು ಆ ವರ್ಷದ ಏಪ್ರಿಲ್ 6ರಂದು, 'ಟುಮಾರೊ ನೆವರ್ ನೋಸ್' ಹಾಡಿನಿಂದ. ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಪಠಿಸುವಂತೆ ತನ್ನ ದನಿ ಕೇಳಿಸಬೇಕು ಎನ್ನುವುದು ಲೆನನ್ ಬೇಡಿಕೆ. ತನ್ನನ್ನು ಹಗ್ಗದಲ್ಲಿ ಕಟ್ಟಿ ಮೈಕ್ ಸುತ್ತ ತೂಗಿಬಿಡಿ ಎಂಬ ಸಲಹೆಯೂ ಬಂತಂತೆ! 20ರ ಹರೆಯದ ಎಂಜಿನಿಯರ್ ಜೆಫ್ ಎಮೆರಿಕ್ ಕಂಡುಕೊಂಡ ದಾರಿ ಸುಲಭದ್ದು. ಹ್ಯಾಮಂಡ್ ಆರ್ಗನ್‌ಗೆ ಜೋಡಿಸುವ, ಮರದ ಪೆಟ್ಟಿಗೆಯೊಳಗೆ ತಿರುಗುವ ಲೆಸ್ಲಿ ಸ್ಪೀಕರ್‌ನಿಂದ ದನಿಯನ್ನು ಹಾಯಿಸಿದರು. ಮನುಷ್ಯನ ಬದಲು ಸ್ಪೀಕರ್ ಸುತ್ತಿತು.

ಇಯರ್‌ಫೋನ್ ಹಾಕಿ ಒಮ್ಮೆ ಕೇಳಿ. ತಂಬೂರಿ ಶ್ರುತಿಯೊಂದಿಗೆ ಶುರುವಾಗುವ ಹಾಡಿನ ಮೊದಲರ್ಧದಲ್ಲಿ ಲೆನನ್ ಎದುರಿಗಿದ್ದಾರೆ. ದ್ವಿತೀಯಾರ್ಧದಲ್ಲಿ ಅದೇ ದನಿ ಬೇರೆಲ್ಲಿಂದಲೋ ಅಲೆಅಲೆಯಾಗಿ ಬರುತ್ತದೆ. ಹೆಚ್ಚುಕಡಿಮೆ ಒಂದೇ ಸ್ವರದ ಆಧಾರದ ಮೇಲೆ ನಿಂತ ಹಾಡಿದು. ಆ ತಿರುವು ಇರದಿದ್ದರೆ ಮೂರು ನಿಮಿಷವೂ ದೀರ್ಘವೆನಿಸುತ್ತಿತ್ತು ಎನ್ನುವುದು ನನ್ನ ಅನಿಸಿಕೆ. 'ಐ ಆ್ಯಮ್ ಓನ್ಲಿ ಸ್ಲೀಪಿಂಗ್' ಹಾಡಿನಲ್ಲಿ ಟೇಪಿನ ವೇಗ ಬದಲಿಸಿ ದನಿಯನ್ನು ತೆಳುವಾಗಿಸಲಾಯಿತು. ಕೇಳಿದರೆ ನಿಜಕ್ಕೂ ಹಾಸಿಗೆ ಬಿಟ್ಟು ಏಳದವನ ದನಿ.

1968ರಲ್ಲಿ ಋಷಿಕೇಶ, 1969ರಲ್ಲಿ ಯೋಕೊ ಓನೊ ಜತೆ ಮದುವೆ, 1970ರಲ್ಲಿ ಬೀಟಲ್ಸ್ ಒಡಕು. ಆ ವರ್ಷಾಂತ್ಯದ ಆಲ್ಬಂನ 'ಮದರ್' ಹಾಡಿನಲ್ಲಿ ಲೆನನ್ ಕಳೆದುಕೊಂಡ ತಾಯಿಯನ್ನು ಕೂಗಿ ಕರೆಯುತ್ತಾರೆ. ಪಿಯಾನೊ, ಬಾಸ್, ಡ್ರಮ್ಸ್ ಬಿಟ್ಟರೆ ದನಿಗೆ ಬೇರೆ ಆಸರೆಯಿಲ್ಲ.

1980ರ ಡಿಸೆಂಬರ್ 8ರಂದು ನ್ಯೂಯಾರ್ಕ್‌ನ ತಮ್ಮ ಮನೆಯ ಎದುರೇ ಗುಂಡೇಟಿಗೆ ಬಲಿಯಾದಾಗ ಲೆನನ್‌ಗೆ 40 ವರ್ಷ. ಅದೇ ಮನೆಯಲ್ಲಿ ಪಿಯಾನೊ ನುಡಿಸುತ್ತಾ ಕ್ಯಾಸೆಟ್‌ಗೆ ಹಾಡಿಟ್ಟಿದ್ದ 'ನೌ ಆ್ಯಂಡ್ ದೆನ್' ಉಳಿದಿತ್ತು. 1995ರಲ್ಲಿ ಉಳಿದ ಮೂವರು ಪೂರ್ತಿಗೊಳಿಸಲು ಹೊರಟರೂ ಪಿಯಾನೊ ಮತ್ತು ಟೇಪಿನ ಗುಂಯ್‌ಗುಡುವಿಕೆಯಿಂದ ದನಿ ಬಿಡಿಸಲಾಗದೆ ಕೈಬಿಟ್ಟರು. ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ತಂತ್ರಜ್ಞಾನ ಆ ಕೆಲಸ ಮಾಡಿತು. 2023ರ ನವೆಂಬರ್‌ನಲ್ಲಿ ಹಾಡು ಬಿಡುಗಡೆಯಾದಾಗ ಪಿಯಾನೊ ಹಿಂದೆ ಸರಿದು ದನಿಯೇ ಮುಂದೆ ನಿಂತಿತ್ತು. ಅದನ್ನು ಮರೆಮಾಡಿ ಎನ್ನಲು ಈ ಸಲ ಲೆನನ್ ಇರಲಿಲ್ಲ. ಬ್ರಿಟನ್ನಿನ ಪಟ್ಟಿಯಲ್ಲಿ ಹಾಡು ಮೊದಲ ಸ್ಥಾನಕ್ಕೇರಿತು, 2025ರಲ್ಲಿ ಗ್ರ್ಯಾಮಿಯೂ ಬಂತು.