ಸೊಳ್ಳೆಯ ಜಾಡು ಹಿಡಿದ ವೈದ್ಯ: ಸರ್ ರೊನಾಲ್ಡ್ ರಾಸ್

ಮಲೇರಿಯಾ ಎಂಬ ಪದದ ಅರ್ಥ ಕೆಟ್ಟ ಗಾಳಿ. ಜವುಗು ನೆಲದ ಗಾಳಿಯಿಂದ ಈ ಚಳಿಜ್ವರ ಬರುತ್ತದೆಂದು ಜನ ಶತಮಾನಗಳ ಕಾಲ ನಂಬಿದ್ದರು. ಆ ನಂಬಿಕೆಯನ್ನು ಅಳಿಸಿದವರಲ್ಲಿ ಸರ್ ರೊನಾಲ್ಡ್ ರಾಸ್ ಪ್ರಮುಖರು.

ರಾಸ್ 1857ರ ಮೇ 13ರಂದು ಹಿಮಾಲಯದ ಅಲ್ಮೋರಾದಲ್ಲಿ ಜನಿಸಿದರು. ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಭಾರತದ ಸರ್ಕಾರಿ ವೈದ್ಯ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರು ದಂಡಿನ ವೈದ್ಯರಾಗಿ ಬಂದಾಗ ಅವರ ಬಂಗಲೆಯಲ್ಲಿ ಸೊಳ್ಳೆಕಾಟ ವಿಪರೀತವಾಗಿತ್ತು. ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬೋರಲು ಹಾಕಿಸಿದರು, ಕಾಟ ಇಳಿಯಿತು. ಉಳಿದ ಕಡೆಯೂ ನಿಂತ ನೀರನ್ನು ಚೆಲ್ಲಿಸೋಣವೆಂದರೆ ಸೇನಾಧಿಕಾರಿ ಒಪ್ಪಲಿಲ್ಲ. ಸೊಳ್ಳೆ ಮಲೇರಿಯಾ ಹರಡುತ್ತದೆಂಬುದು ಆಗ ರಾಸ್ ಅವರಿಗೂ ಗೊತ್ತಿರಲಿಲ್ಲ.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಸೊಳ್ಳೆಯ ಮೇಲೆ ತಮಗಿದ್ದ ಅನುಮಾನವನ್ನು ತಿಳಿಸಿದರು. ಮರುವರ್ಷ ಭಾರತಕ್ಕೆ ಮರಳಿದ ರಾಸ್ ಸಿಕಂದರಾಬಾದಿನಲ್ಲಿ ಹುಡುಕಾಟ ಆರಂಭಿಸಿದರು. ನಡುವೆ ಕಾಲರಾ ತಡೆಯಲು ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಲಾಯಿತು. ಕೊನೆಗೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಮಲೇರಿಯಾ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರೋಗಾಣು ಬೆಳೆಯುತ್ತಿರುವುದನ್ನು ಕಂಡರು. ಆ ರೋಗಿ ಹುಸೇನ್ ಖಾನ್. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಮೈಯೊಡ್ಡಿದ ಅವರ ಪಾಲು ಈ ಶೋಧದಲ್ಲಿ ಸಣ್ಣದಲ್ಲ. ಮರುವರ್ಷ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾ ಸೊಳ್ಳೆಯ ಜೊಲ್ಲಿನ ಮೂಲಕ ಹರಡುವುದನ್ನು ರಾಸ್ ತೋರಿಸಿದರು. ಅದೇ ಕಾಲದಲ್ಲಿ ಇಟಲಿಯ ವಿಜ್ಞಾನಿಗಳು ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಸೊಳ್ಳೆ ಹರಡುವುದನ್ನು ಖಚಿತಪಡಿಸಿದರು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಪ್ರಶಸ್ತಿಯ ನಂತರವೂ ಅವರು ಸುಮ್ಮನೆ ಕೂರಲಿಲ್ಲ. ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾ ಪಟ್ಟಣದಲ್ಲಿ ಅವರ ಸಲಹೆಯಂತೆ ನಿಂತ ನೀರನ್ನು ತೆಗೆಸಿದ ಮೇಲೆ ಕೆಲವೇ ವರ್ಷಗಳಲ್ಲಿ ಮಲೇರಿಯಾ ಬಹುತೇಕ ಮರೆಯಾಯಿತು. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಹೆಚ್ಚು ಇಷ್ಟವಾಗುವುದು ಅವರ ಲೆಕ್ಕ. ಕಟ್ಟಕಡೆಯ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಇಳಿದರೆ ರೋಗ ತಾನೇ ನಿಲ್ಲುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. ಎಲ್ಲವನ್ನೂ ಮಾಡಲಾಗದು ಎಂದು ಏನನ್ನೂ ಮಾಡದೆ ಕೂರುವವರಿಗೆ ಇದೇ ಉತ್ತರ. 1932ರ ಸೆಪ್ಟೆಂಬರ್ 16ರಂದು ಅವರು ಲಂಡನ್ನಿನಲ್ಲಿ ನಿಧನರಾದರು.

ಇಂದು ನಮ್ಮ ಊರುಗಳನ್ನು ಕಾಡುತ್ತಿರುವ ಡೆಂಗಿಯನ್ನು ಹರಡುವ ಸೊಳ್ಳೆ ಮನೆಯಂಗಳದ ತೊಟ್ಟಿ, ಹಳೆಯ ಟೈರು, ತೆಂಗಿನ ಚಿಪ್ಪಿನ ನೀರಿನಲ್ಲೇ ಹುಟ್ಟುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ ತೊಳೆದು, ನಿಂತ ನೀರು ಚೆಲ್ಲಿದರೆ ಸಾಕು. 1883ರಲ್ಲಿ ಬೆಂಗಳೂರಿನಲ್ಲಿ ರಾಸ್ ಮಾಡಿದ್ದು ಇಷ್ಟೇ. ಇದಕ್ಕೆ ಆಸ್ಪತ್ರೆಯೂ ಬೇಡ, ಹಣವೂ ಬೇಡ. ಊರೆಲ್ಲ ಒಪ್ಪಿ ಕೈಜೋಡಿಸಬೇಕು, ಅಷ್ಟೇ.