ಸಂತ ಶಿಶುನಾಳ ಶರೀಫರು

ಗುರುಕೃಪೆಯು ಕುಲವನ್ನು ಕೇಳಿ ಬರುವುದಿಲ್ಲ. ಪಕ್ವವಾದ ಹೃದಯವನ್ನು ಅರಸಿ ಬರುತ್ತದೆ. ಶಿಶುನಾಳ ಶರೀಫ ಸಾಹೇಬರ ಚರಿತ್ರೆಯು ಈ ಮಾತಿಗೆ ಉಜ್ವಲವಾದ ನಿದರ್ಶನವಾಗಿದೆ.

ಈಗ ಹಾವೇರಿ ಜಿಲ್ಲೆಗೆ ಸೇರಿರುವ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ, 1819ರಲ್ಲಿ, ಇಮಾಮ ಸಾಹೇಬ ಮತ್ತು ಹಜ್ಜೂಮಾ ದಂಪತಿಗಳಿಗೆ ಶರೀಫರು ಜನಿಸಿದರು. ಹುಲಗೂರಿನ ಸಂತ ಖಾದರಶಾಹರ ಅನುಗ್ರಹದಿಂದ ಹುಟ್ಟಿದ ಮಗುವೆಂದು ಜನರ ನಂಬುಗೆ. ಬೆಳೆದು ಕನ್ನಡ ವಿದ್ಯೆಯನ್ನು ಕಲಿತು, ಕೆಲಕಾಲ ಉಪಾಧ್ಯಾಯ ವೃತ್ತಿಯಲ್ಲಿದ್ದರು. ಆದರೆ ಅಕ್ಷರವಿದ್ಯೆಯಿಂದ ಅವರ ಅಂತರಂಗದ ಹಸಿವು ಹಿಂಗಲಿಲ್ಲ.

ಆ ಹಸಿವನ್ನು ಅರಿತವರು ಕಳಸದ ಗೋವಿಂದಭಟ್ಟರು. ಬ್ರಾಹ್ಮಣರಾದ ಅವರು ಮುಸಲ್ಮಾನ ಯುವಕನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಗುರುವನ್ನು ಅವರ ಕುಲದವರೂ, ಶಿಷ್ಯನನ್ನು ಅವನ ಮತದವರೂ ನಿಂದಿಸಿದರು. ಇಬ್ಬರೂ ಹಿಂಜರಿಯಲಿಲ್ಲ. ಗುರುವು ತಮ್ಮ ಯಜ್ಞೋಪವೀತವನ್ನೇ ಶಿಷ್ಯನಿಗೆ ತೊಡಿಸಿದರೆಂಬ ಪ್ರತೀತಿಯೂ ಉಂಟು.

ಶರೀಫರು ಗೃಹಸ್ಥರಾಗಿದ್ದವರು. ಮಡದಿಯನ್ನೂ ಮಗಳನ್ನೂ ಮೃತ್ಯುವು ಸೆಳೆದೊಯ್ದಾಗ ಅವರು ದೈವವನ್ನು ದೂರಲಿಲ್ಲ. ಆ ನೋವನ್ನೇ ಅರಿವನ್ನಾಗಿ ಮಾಡಿಕೊಂಡರು. ಮಳೆಗೆ ಸೋರುವ ಮಾಳಿಗೆ, ನೀರು ತರುವ ಬಿಂದಿಗೆ, ಸಂತೆಗೆ ಬಂದ ಮುದುಕಿ, ಮೀಟುವ ತಂಬೂರಿ, ಹೀಗೆ ನಿತ್ಯ ಕಾಣುವ ವಸ್ತುಗಳಲ್ಲಿಯೇ ದೇಹದ ಅನಿತ್ಯತೆಯನ್ನೂ ಆತ್ಮದ ನಿಲವನ್ನೂ ತೋರಿದರು. ತಮ್ಮ ಊರಿನ ಬಸವಣ್ಣ ದೇವರ ಹೆಸರಿನಲ್ಲಿ ಶಿಶುನಾಳಾಧೀಶನೆಂಬ ಅಂಕಿತವನ್ನಿಟ್ಟು ಹಾಡಿದರು. ಶರಣರ ಬೆಡಗಿನ ವಚನಗಳನ್ನು ಓದಿದವರಿಗೆ ಈ ಪದಗಳ ಧಾಟಿಯು ಹೊಸದೆನಿಸದು.

ಅಂತ್ಯಕಾಲದಲ್ಲಿ ಅವರು ಬೇಡಿದ್ದು ಜಂಗಮರ ಪಾದಸ್ಪರ್ಶವನ್ನು. ಊರಿನ ಹಿರೇಮಠದ ಅಯ್ಯನವರು ಮೊದಲು ಅಳುಕಿದರೂ, ಕೊನೆಗೆ ಆ ಭಕ್ತನ ಶಿರದ ಮೇಲೆ ಪಾದವನ್ನಿರಿಸಿದರೆಂದು ಪರಂಪರೆಯು ಹೇಳುತ್ತದೆ. 1889ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಅವರು ಬಯಲಾದರು. ಉಭಯ ಮತದವರೂ ತಮ್ಮ ತಮ್ಮ ವಿಧಿಗಳಿಂದ ಅವರನ್ನು ಬೀಳ್ಕೊಟ್ಟರು. ಬದುಕಿದ್ದಾಗ ನಿಂದಿಸಿದ ಲೋಕವು ಸತ್ತ ಮೇಲೆ ನಮ್ಮವನೆಂದು ಕೈಮುಗಿಯಿತು.

ಅವರ ಪದಗಳು ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಉಳಿದುಬಂದವು. ಶತಮಾನವು ಕಳೆಯುವ ಹೊತ್ತಿಗೆ ಬೆಂಗಳೂರಿನ ಸಂಗೀತ ಸಂಯೋಜಕ ಸಿ. ಅಶ್ವತ್ಥರು ಅವುಗಳಲ್ಲಿ ತಮ್ಮ ನಾದದ ನೆಲೆಯನ್ನು ಕಂಡರು. ದೂರವಾಣಿ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಭಾವಗೀತೆಗೆ ಬಾಳನ್ನು ಮುಡಿಪಾಗಿಟ್ಟವರು ಅವರು. ಹಳ್ಳಿಯ ಏಕತಾರಿಯ ಹಾಡನ್ನು ನಗರದ ವೇದಿಕೆಗೆ ತಂದರು. 1990ರಲ್ಲಿ ತೆರೆಕಂಡ, ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ಶರೀಫರ ಜೀವನಚಿತ್ರಕ್ಕೂ ಅವರದೇ ಸಂಗೀತ. ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯು ದೊರೆಯಿತು. ಅಶ್ವತ್ಥರೂ 2009ರಲ್ಲಿ, ತಮ್ಮ ಎಪ್ಪತ್ತನೆಯ ಜನ್ಮದಿನದಂದೇ ಅಗಲಿದರು. ದಕ್ಷಿಣ ಬೆಂಗಳೂರಿನ ಎನ್. ಆರ್. ಕಾಲೋನಿಯ ಕಲಾಭವನವು ಇಂದು ಅವರ ಹೆಸರನ್ನು ಹೊತ್ತು ನಿಂತಿದೆ.

ರಾಗವು ಪದವನ್ನು ಮನೆಬಾಗಿಲಿಗೆ ತಂದು ನಿಲ್ಲಿಸಬಲ್ಲದು. ಒಳಗೆ ಕರೆದುಕೊಳ್ಳಬೇಕಾದವನು ಗೃಹಸ್ಥನೇ. ಶರೀಫರ ಹಾಡಿಗೆ ತಲೆದೂಗಿದವನು ಮನೆಗೆ ಮರಳಿ ತನ್ನ ಮಾಳಿಗೆಯು ಎಲ್ಲಿ ಸೋರುತ್ತಿದೆಯೆಂದು ಒಮ್ಮೆ ನೋಡಿಕೊಂಡರೆ, ಕವಿಯ ತಪಸ್ಸೂ ಗಾಯಕನ ಶ್ರಮವೂ ಸಾರ್ಥಕವಾದಂತೆ.